ತಣ್ಣಗಿರಬೇಕಾದ ಔಷಧ

ಆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ನೆಲ ಒರೆಸುವುದು, ರಕ್ತದ ಬಟ್ಟೆ ತಣ್ಣೀರಲ್ಲಿ ನೆನೆಹಾಕಿ ಉಜ್ಜುವುದು, ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯರ ಕೈಗೆ ಕೊಡುವುದು, ಎಲ್ಲವೂ ಓಡೋಡುತ್ತಲೇ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಬೆಡ್‌ಪ್ಯಾನ್ ಹಿಡಿದು ಕಾಲಿನಿಂದ ಬಾಗಿಲು ತಳ್ಳುತ್ತಿದ್ದಳು.

"ಸ್ವಲ್ಪ ನಿಧಾನ ಕಣೇ, ಕೂಸೇನು ಓಡಿಹೋಗಲ್ಲ" ಎಂದು ದೊಡ್ಡ ಸಿಸ್ಟರ್ ರೇಗಿಸಿದರೆ, "ಓಡಿಹೋದ್ರೆ ಹಿಡಿಯೋಕೆ ನಾನೇ ಬೇಕಲ್ಲ ಸಿಸ್ಟರ್" ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡಿದ್ದ. ಅವಳ ಮಡಿಲಲ್ಲಿ ಊರಿನವರ ಮಕ್ಕಳು ಒಂದು ಗಳಿಗೆ ಮಲಗಿ ಹೋಗುತ್ತಿದ್ದವು, ಅಷ್ಟೇ.

ಹೆರಿಗೆ ಕೋಣೆಯ ಮೂಲೆಯಲ್ಲಿ ಸಣ್ಣ ಫ್ರಿಜ್ ಇತ್ತು. ಹೆರಿಗೆಯ ನಂತರ ಗರ್ಭಕೋಶ ಬಿಗಿದು ರಕ್ತ ನಿಲ್ಲಲೆಂದು ಕೊಡುವ ಇಂಜೆಕ್ಷನ್‌ಗಳನ್ನು ಅದರಲ್ಲಿ ಇಡುತ್ತಿದ್ದರು. ಬಿಸಿ ತಾಗಿದರೆ ಆ ಔಷಧದ ಶಕ್ತಿ ಕುಂದುತ್ತದೆ. ನೋಡಲು ಮಾತ್ರ ಮೊದಲಿನಂತೆ ತಿಳಿನೀರು. ಫ್ರಿಜ್ ತೆರೆಯುವುದು ದೊಡ್ಡ ಸಿಸ್ಟರ್ ಒಬ್ಬರೇ. ಗಡಿಬಿಡಿ ದಿನಾ ಅದರ ಹಿಂದೆ ಒರೆಸುವಾಗ ಪ್ಲಗ್ ಕೀಳುತ್ತಿದ್ದಳು, ಒರೆಸಿ ಮತ್ತೆ ಸಿಕ್ಕಿಸುತ್ತಿದ್ದಳು.

ಆ ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ, ಚೊಚ್ಚಲ ಬಸುರಿಯೊಬ್ಬಳಿಗೆ ಹೆಣ್ಣುಮಗು ಹುಟ್ಟಿತು. ಗಡಿಬಿಡಿ ಕೂಸನ್ನು ಒರೆಸುತ್ತಿದ್ದಂತೆ ಹಿಂದಿನಿಂದ ಡಾಕ್ಟರ ದನಿ ಏರಿತು. ರಕ್ತ ನಿಲ್ಲುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟರು, ಮತ್ತೊಂದು ಕೊಟ್ಟರು, ಹೊಟ್ಟೆ ಅದುಮಿದರು. ಮಂಚದಿಂದ ತೊಟ್ಟಿಕ್ಕುತ್ತಿದ್ದುದು ಧಾರೆಯಾಯಿತು. ಡಾಕ್ಟರು ತಾವೇ ಫ್ರಿಜ್ ತೆರೆದು ಒಳಗೆ ಕೈಯಿಟ್ಟರು.

"ಇದೇನು, ಒಳಗೆ ಬೆಚ್ಚಗಿದೆಯಲ್ಲ! ಓಡು, ಮೆಡಿಕಲ್ಸಿಂದ ಹೊಸದು ತಗೊಂಡು ಬಾ!"

ಗಡಿಬಿಡಿ ಬರಿಗಾಲಲ್ಲಿ ಓಡಿದಳು. ತಣ್ಣನೆಯ ಡಬ್ಬಿಯನ್ನು ಎದೆಗವಚಿಕೊಂಡು ವಾಪಸು ಬರುವಷ್ಟರಲ್ಲಿ ಬಾಣಂತಿಯ ತುಟಿ ಬಿಳುಚಿ ಕಾಗದವಾಗಿತ್ತು. ಹೊಸ ಇಂಜೆಕ್ಷನ್ ಹಾಕಿದರು. ದೊಡ್ಡಾಸ್ಪತ್ರೆಗೆ ಸಾಗಿಸಲು ಹೊತ್ತೊಯ್ಯುವಾಗ ಆಂಬುಲೆನ್ಸ್ ಬಾಗಿಲಲ್ಲೇ ಅವಳ ಉಸಿರು ನಿಂತಿತು.

ದೊಡ್ಡ ಸಿಸ್ಟರ್ ತಮ್ಮ ಕೋಣೆಗೆ ಹೋಗಿ ಬಂದವರೇ ಗಡಿಬಿಡಿಯ ಕಡೆ ತಿರುಗಿದರು. "ಒರೆಸುವಾಗ ಪ್ಲಗ್ ಕಿತ್ತಿದ್ದೆ ಅಲ್ವಾ? ಮತ್ತೆ ಹಾಕಿದ್ಯಾ?"

"ಹಾಕಿರ್ತೀನಿ ಸಿಸ್ಟರ್."

"ಹಾಕಿರ್ತೀನೋ, ಹಾಕಿದೀನೋ?"

ಅವಳಿಗೆ ನೆನಪಾಗಲಿಲ್ಲ. ದಿನಾ ಮಾಡುವ ಕೆಲಸ, ಇವತ್ತು ಮಾಡಿದೆನೆಂದು ಆಣೆ ಹಾಕುವುದು ಹೇಗೆ? "ನೆನಪಾಗ್ತಿಲ್ಲ ಸಿಸ್ಟರ್" ಎಂದಳು. ಅಷ್ಟು ಸಾಕಾಯಿತು. ಡಾಕ್ಟರು ಫ್ರಿಜ್ ಹಿಂದೆ ಬಗ್ಗಿ ನೋಡದೆಯೇ ಅವಳ ತೋಳು ಹಿಡಿದು ಸತ್ತವಳ ಮನೆಯವರ ಮುಂದೆ ನಿಲ್ಲಿಸಿದರು. "ಇವಳ ಬೇಜವಾಬ್ದಾರಿಯಿಂದ ಆಗಿದ್ದು. ಈಗಲೇ ಕೆಲಸದಿಂದ ತೆಗೆದಿದೀನಿ."

ಸತ್ತವಳ ಅತ್ತೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಗಡಿಬಿಡಿ ಅವಳ ಕಾಲಿಗೆ ಬಿದ್ದು ಗೋಳೋ ಎಂದು ಅತ್ತಳು.

"ಅತ್ರೆ ಈ ಕೂಸಿನ ಹೊಟ್ಟೆ ತುಂಬುತ್ತಾ? ನಾಳೆ ಬೆಳಿಗ್ಗೆ ಮನೆಗೆ ಬಾ" ಎಂದಳು ಅತ್ತೆ.

ಅವಳು ಹೋದಳು. ಆಮೇಲೆ ದಿನಾ ಹೋದಳು. ಕೂಸಿಗೆ ಬಾಟಲಿ ಹಾಲು ಕುಡಿಸಿದಳು, ಮೀಯಿಸಿದಳು, ಬಟ್ಟೆ ಒಗೆದಳು. ಬರಬರುತ್ತ ಪಾತ್ರೆ, ಕಸ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದೂ ಸೇರಿಕೊಂಡಿತು. ಕೂಸಿನ ಅಪ್ಪ ಇನ್ನೊಂದು ಮದುವೆಯಾದ. ಆ ಹೆಂಡತಿಯ ಮಗುವಿನ ಬಟ್ಟೆಯೂ ಇವಳ ಪಾಲಿಗೇ. ಸಂಬಳದ ಮಾತು ಅವರು ಎತ್ತಲಿಲ್ಲ, ಇವಳು ಕೇಳಲಿಲ್ಲ. ಹೊಟ್ಟೆಪಾಡಿಗೆ ಸಂಜೆ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

ಮನೆಗೆ ನೆಂಟರು ಬಂದರೆ ಅತ್ತೆ ಇವಳನ್ನು ಪರಿಚಯಿಸುತ್ತಿದ್ದಳು: "ನಮ್ಮ ಸೊಸೆನ ಕೊಂದೋಳು ಇವಳೇ. ಕೆಲಸ ಮಾತ್ರ ತುಂಬಾ ಅಚ್ಚುಕಟ್ಟು."

ಹುಡುಗಿಗೆ ಮಾತು ಬಲಿತ ಮೇಲೆ ಒಮ್ಮೆ ತಲೆ ಬಾಚಿಸಿಕೊಳ್ಳುತ್ತ ಕೇಳಿತು: "ನಮ್ಮಮ್ಮನ್ನ ಯಾಕೆ ಕೊಂದೆ?"

"ಮರೆತುಬಿಟ್ಟೆ ಕಂದಾ."

"ನನ್ನನ್ನೂ ಮರೀತೀಯಾ?"

"ಇಲ್ಲ" ಎಂದು ಜಡೆ ಹೆಣೆದಳು. ಸಿಕ್ಕೊಂದು ಜಗ್ಗಿತು. ಹುಡುಗಿ ನೋವಿಗೆ ತಿರುಗಿ ಅವಳ ಕೆನ್ನೆಗೆ ಬಾರಿಸಿತು.

ಹುಡುಗಿ ಹೈಸ್ಕೂಲಿಗೆ ಸೇರಿದ ವರ್ಷ ದೊಡ್ಡ ಸಿಸ್ಟರ್ ಹೇಳಿಕಳಿಸಿದರು. ಅವರಿಗೆ ಲಕ್ವ ಹೊಡೆದು ಅರ್ಧ ದೇಹ ಬಿದ್ದುಹೋಗಿತ್ತು. ಹಾಸಿಗೆಯ ಪಕ್ಕ ಸ್ಟೂಲು ತೋರಿಸಿ ನೇರವಾಗಿ ವಿಷಯಕ್ಕೆ ಬಂದರು.

"ನನ್ನ ನೋಡಿಕೊಳ್ಳೋಕೆ ಒಬ್ಬರು ಬೇಕು. ನಿನ್ನಷ್ಟು ಚುರುಕಾದೋರು ಸಿಗಲ್ಲ. ಒಳ್ಳೆ ಸಂಬಳ ಕೊಡ್ತೀನಿ, ಬಂದುಬಿಡು."

"ಆ ಮನೆ ಬಿಟ್ಟು ಹೇಗೆ ಬರಲಿ ಸಿಸ್ಟರ್? ನಾನು ಮಾಡಿದ ಪಾಪ..."

"ಯಾವ ಪಾಪ? ಅದು ನೀನಲ್ಲ ಬಿಡೇ." ಕೊಂಕಿದ ಬಾಯಿಂದ ಮಾತು ತೊದಲುತ್ತಿತ್ತು. "ಫ್ರಿಜ್ ಸ್ವಿಚ್ ನನ್ನ ಕೋಣೆಯಲ್ಲಿತ್ತಲ್ಲ. ಕೂಲರ್, ಫ್ರಿಜ್ ಎರಡೂ ಹಾಕಿದ್ರೆ ಫ್ಯೂಸ್ ಹೋಗ್ತಿತ್ತು. ಆ ಬೇಸಿಗೆಯೆಲ್ಲ ಮಧ್ಯಾಹ್ನ ಮಲಗುವಾಗ ಆರಿಸ್ತಿದ್ದೆ. ಎಷ್ಟೋ ಸಲ ಬೆಳಿಗ್ಗೆವರೆಗೂ ಹಾಗೇ ಇರ್ತಿತ್ತು. ಆ ದಿನ ನೀನು ಪ್ಲಗ್ ಹಾಕೇ ಇದ್ದೆ, ನಾನು ನೋಡಿದೀನಿ. ಇನ್ನಾದ್ರೂ ಬರ್ತೀಯಾ?"

ಗಡಿಬಿಡಿ ಸ್ಟೂಲಿನಿಂದ ಎದ್ದಳು. ಬಯ್ಯಬೇಕೆನಿಸಿತು. ಸಿಸ್ಟರ್ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು. ಒರೆಸಲು ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ಹಿಂದೆಳೆದುಕೊಂಡು ಹೊರಟುಬಂದಳು. ಆ ದಿನ ಅವಳು ಓಡಲಿಲ್ಲ.

ಹುಡುಗಿಯ ಮನೆಗೆ ಬಂದು ಎಲ್ಲರೆದುರು ನಡೆದದ್ದನ್ನು ಹೇಳಿದಳು. ಅಪ್ಪ ಮೊಬೈಲಿನಿಂದ ತಲೆಯೆತ್ತಿ ಮತ್ತೆ ತಗ್ಗಿಸಿದ. ಅತ್ತೆ ಅವಳತ್ತ ತಿರುಗಿದಳು.

"ಇಷ್ಟು ವರ್ಷ ಆದ್ಮೇಲೆ ಯಾರು ಮಾಡಿದ್ರೇನು? ಸತ್ತೋಳು ಎದ್ದು ಬರ್ತಾಳಾ? ಹೋಗು, ಪಾತ್ರೆ ಒಣಗ್ತಿದೆ."

ಹುಡುಗಿ ಮಾತ್ರ ಅಡುಗೆಮನೆಗೆ ಹಿಂದೆಯೇ ಬಂದಳು. "ನೀನು ಕೊಂದಿಲ್ಲ ಅಂದ್ರೆ, ನಮಗೆ ನೀನು ಏನಾಗಬೇಕು?"

ಗಡಿಬಿಡಿ ನಲ್ಲಿ ತಿರುಗಿಸಿದಳು. "ಏನೂ ಆಗಬೇಕಿಲ್ಲ ಕಂದಾ" ಎಂದು ಪಾತ್ರೆ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಮಾರನೆಯ ದಿನ ಹೋಗಲಿಲ್ಲ. ಸಿಸ್ಟರ್ ಮನೆಗೂ ಹೋಗಲಿಲ್ಲ. ಹೋಟೆಲಿನವರು ಬೆಳಗಿನ ಪಾಳಿಗೂ ಅವಳನ್ನೇ ಹಾಕಿಕೊಂಡರು.

ಅತ್ತೆ ಬೀದಿಯವರಿಗೆಲ್ಲ ಹೇಳಿದಳು: "ಕೊಂದಿದ್ದೂ ಅಲ್ದೆ, ಈಗ ಕೈಬಿಟ್ಟೂ ಹೋದಳು ನೋಡಿ. ಮಗಳ ಥರ ನೋಡಿಕೊಂಡಿದ್ವಿ." ಕೇಳಿದವರು ಅಯ್ಯೋ ಪಾಪ ಎಂದರು. ಹೊಸ ಕೆಲಸದವಳು ತಿಂಗಳು ತುಂಬುವ ಮೊದಲೇ ಸಂಬಳ ಕೇಳಿದಳೆಂದು ಆ ಮನೆಯಲ್ಲಿ ದೊಡ್ಡ ಜಗಳವಾಯಿತು.