ಸದ್ದು ನಿಲ್ಲಿಸುವ ಗುಂಡಿಯ ಕುರಿತು

ಮಾನ್ಯ ಓದುಗರೇ,

ಪ್ರಾರಂಭದಲ್ಲಿಯೇ ಕ್ಷಮೆ ಕೋರುತ್ತೇನೆ. ಈ ಬರಹದಲ್ಲಿ ಕಾಗುಣಿತದ ದೋಷಗಳಿರುವ ಸಂಭವವಿದೆ. ಅಕ್ಷರಗಳು ಬಲಕ್ಕೆ ವಾಲಿರುವುದು ಕಂಡುಬಂದಲ್ಲಿ ಅದಕ್ಕೆ ನನ್ನ ಕೈಯೇ ಹೊಣೆ, ಕಾಗದವಲ್ಲ. ನಾನು ಇಂಡಿ ಪಟ್ಟಣದ ಒಂದು ಕಚೇರಿಯಲ್ಲಿ ಪತ್ರಗಳ ಕರಡು ಸಿದ್ಧಪಡಿಸುವ ಕೆಲಸದಲ್ಲಿರುತ್ತೇನೆ. ಅಲ್ಲಿ ನಾನು ಬರೆದದ್ದೆಲ್ಲ ಮೇಲಧಿಕಾರಿಗಳ ಹೆಸರಿನಲ್ಲಿ ಹೊರಡುತ್ತದೆ. ನನ್ನದೇ ಮಾತನ್ನು ನಾನೇ ಬರೆಯುತ್ತಿರುವುದು ಇದೇ ಪ್ರಥಮ. ಆದಕಾರಣ ಧೈರ್ಯ ಸಾಲದ ಕಡೆಗಳಲ್ಲಿ ಕಚೇರಿಯ ಭಾಷೆಯನ್ನೇ ಊರುಗೋಲಾಗಿ ಹಿಡಿದಿದ್ದೇನೆ. ತಾವು ಸಹಿಸಿಕೊಳ್ಳುವಿರೆಂದು ನಂಬಿದ್ದೇನೆ.

ವಿಷಯವೇನೆಂದರೆ, ನಿನ್ನೆ ಸಂಜೆ ನನ್ನ ತಮ್ಮ ಮಲ್ಲು ಸಿಂದಗಿಯಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನು ದುರಸ್ತಿಗಾಗಿ ಕಳುಹಿಸಿಕೊಟ್ಟನು. ಸ್ಕ್ರೂಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ಬೋರಲಾಗಿಸಿದಾಗ ಮೇಜಿನ ಮೇಲೆ ಅಕ್ಷತೆಯ ಹಳದಿ ಕಾಳುಗಳು ಉದುರಿದವು. ಕೆಲವು ಕಾಳುಗಳು ತಂತಿಗಳ ನಡುವೆ ಸಿಕ್ಕಿಕೊಂಡು ಅಲ್ಲಿಯೇ ಖಾಯಂ ಆಗಿದ್ದವು. ಪೆಟ್ಟಿಗೆಯ ಮೇಲೆ ಕಾಲಿನಿಂದ ಒತ್ತುವ ಐದು ಗುಂಡಿಗಳಿವೆ. ನಾಲ್ಕರ ಬಣ್ಣ ಹೊಸದರಂತೆಯೇ ಇದೆ. ಐದನೆಯದು ಮಾತ್ರ ಸವೆದು ಹಿತ್ತಾಳೆ ಕಾಣುತ್ತಿದ್ದು, ಹಾಲುಹಲ್ಲಿನಂತೆ ಅಲ್ಲಾಡುತ್ತಿದೆ. ಸದರಿ ಕಾಳುಗಳನ್ನು ಚಿಮಟದಿಂದ ಹೆಕ್ಕುತ್ತ ಕುಳಿತಾಗ ಈ ಕೆಳಗಿನ ಸಂಗತಿಗಳು ನೆನಪಿಗೆ ಬಂದವು.

ಮಲ್ಲು ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಾನೆ. ಸಿಂದಗಿಯ ಚಂದ್ರಾಮ ಮಾಸ್ತರರು ಅದರ ಯಜಮಾನರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಎಲ್ಲ ಕಡೆಗಳ ಮದುವೆ, ತೊಟ್ಟಿಲು ಕಾರ್ಯಕ್ರಮಗಳಿಗೆ ಅವರದೇ ತಂಡ ಹೋಗುತ್ತದೆ. ಗಿಟಾರಿನ ತಂತಿ ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ ಎಂಬುದನ್ನು ತಿಳಿಯದವರ ಅವಗಾಹನೆಗೆ ತರಬಯಸುತ್ತೇನೆ. ನಡುವೆ ಪೆಡಲ್ ಎಂಬ ಚಿಕ್ಕ ಡಬ್ಬಿಗಳಿರುತ್ತವೆ. ಒಂದು ಧ್ವನಿಯನ್ನು ಒರಟು ಮಾಡುತ್ತದೆ, ಒಂದು ಅದನ್ನು ನೀರಿನ ಮೇಲಿನ ಬಿಸಿಲಿನಂತೆ ನಡುಗಿಸುತ್ತದೆ, ಒಂದು ಬಾವಿಯಲ್ಲಿ ಕೂಗಿದಂತೆ ಪ್ರತಿಧ್ವನಿ ಕೊಡುತ್ತದೆ, ಇನ್ನೊಂದು ಗಿಟಾರಿನಿಂದ ‘ವಾವ್’ ಎನ್ನಿಸುತ್ತದೆ. ಇವುಗಳನ್ನು ಹಲಗೆಯೊಂದಕ್ಕೆ ಬಿಗಿದು ಕಾಲಬಳಿ ಇಟ್ಟುಕೊಂಡು, ಹಾಡಿಗೆ ತಕ್ಕಂತೆ ತುಳಿಯುತ್ತಿರಬೇಕು.

ತೊಂದರೆ ಇದ್ದದ್ದು ತುಳಿಯುವುದರಲ್ಲಿ. ಹಾಡು ಬದಲಾಗುವ ಕ್ಷಣದಲ್ಲಿ ಒಂದನ್ನು ಆರಿಸಿ, ಎರಡನ್ನು ಹಚ್ಚಿ, ಮತ್ತೊಂದನ್ನು ಮುಟ್ಟದೆ ಬಿಡಬೇಕು. ತಂಡದವರೆಲ್ಲ ಹೊಳೆಯುವ ಬೂಟು ಹಾಕತಕ್ಕದ್ದು ಎಂಬುದು ಮಾಸ್ತರರ ನಿಯಮವಾಗಿತ್ತು, ಮಲ್ಲುವಿನ ಬೂಟು ಅಗಲವಾಗಿತ್ತು. ಹೀಗಾಗಿ ಒಂದು ಪೆಡಲನ್ನು ಒತ್ತಲು ಹೋದರೆ ನೆರೆಯದೂ ಒತ್ತಲ್ಪಡುತ್ತಿತ್ತು. ತಾಳಿಕೋಟೆಯ ತೊಟ್ಟಿಲು ಕಾರ್ಯಕ್ರಮವೊಂದರಲ್ಲಿ ಜೋಗುಳದ ನಡುವೆ ಒರಟು ಧ್ವನಿಯ ಪೆಡಲು ಹತ್ತಿಕೊಂಡಿತು. ಮಗು ಎಚ್ಚರಗೊಂಡಿತು. ಕಾರ್ಯಕ್ರಮವು ಮಗುವನ್ನು ಮಲಗಿಸುವ ಉದ್ದೇಶದ್ದಾಗಿತ್ತು.

ಅಂದು ಮಾಸ್ತರರು ಎಲ್ಲರೆದುರಿಗೆ ಹೀಗೆಂದರಂತೆ: “ಮಲ್ಲು, ನೀ ಗಿಟಾರ ನುಡಸ್ತಿಯೋ, ರಾಶಿ ತುಳಿತಿಯೋ? ಸಿದ್ದುನ ಕೀಬೋರ್ಡಿನ್ಯಾಗೂ ಗಿಟಾರ ಐತಿ. ಒಂದ ಬೆರಳಿಲೆ ಬರ್ತೈತಿ. ಅದಕ ಬೂಟೂ ಬೇಕಾಗೂದಿಲ್ಲ.”

ಕೀಬೋರ್ಡಿನ ಸಿದ್ದು ಕೂಡಲೇ ಒಂದು ಬೆರಳಿನಿಂದ ಗಿಟಾರು ನುಡಿಸಿ ತೋರಿಸಿದನಂತೆ. ಕೇಳಲು ಗಿಟಾರಿನಂತೆಯೇ ಇತ್ತು ಎಂದು ಮಲ್ಲುವೇ ಒಪ್ಪಿಕೊಂಡನು. ಆತ ಸುಳ್ಳು ಹೇಳಲಾರದ ಹುಡುಗ. ಇದೇ ಕಾರಣಕ್ಕೆ ಅವನಿಗೆ ಅಂಗಡಿ ವ್ಯಾಪಾರವೂ ಹತ್ತಲಿಲ್ಲ, ಜಗಳವೂ ಹತ್ತಲಿಲ್ಲ. ಮರುದಿನ ಇಂಡಿಗೆ ಬಂದು, ಅವ್ವ ಇಟ್ಟ ತಾಟಿನ ಮುಂದೆ ಕೈತೊಳೆಯದೆ ಕುಳಿತನು.

“ಅಕ್ಕಾ, ಮಾಸ್ತರ ನನ್ನ ಬಿಡಸ್ತಾರ,” ಎಂದನು. “ನನಗ ಬ್ಯಾರೆ ಏನೂ ಬರೂದಿಲ್ಲ. ನೀ ಅದೇನೋ ಕಲ್ತಿಯಲ್ಲ, ಏನರ ಮಾಡು. ಒಂದ ಸಲ ಒತ್ತಿದ್ರ ಎಲ್ಲಾ ಆಗಬೇಕು.”

“ಆಕಿ ಕಲ್ತದ್ದು ಕರೆಂಟಿಂದು, ಬರಿಯೂದು ಟಪಾಲು,” ಎಂದು ಅವ್ವ ಅಡುಗೆಮನೆಯಿಂದ ನೆನಪಿಸಿದಳು. “ಮೊದಲ ಉಣ್ಣು.”

ಅವ್ವನ ಹೇಳಿಕೆ ಸತ್ಯಕ್ಕೆ ದೂರವಾದುದಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದು, ನೌಕರಿ ದೊರೆತದ್ದು ಟಪಾಲಿನ ಮೇಜಿನಲ್ಲಿ. ಓದಿದ ವಿದ್ಯೆಯು ಮನೆಯ ಮಿಕ್ಸರ್ ಮತ್ತು ನೆರೆಯವರ ಇಸ್ತ್ರಿಪೆಟ್ಟಿಗೆಗಳಿಗೆ ಸೀಮಿತವಾಗಿತ್ತು. ಆದರೆ ಮಲ್ಲುವಿನ ಹಲಗೆಯನ್ನು ಪರಿಶೀಲಿಸಲಾಗಿ, ಅದು ನಮ್ಮ ಕಚೇರಿಯೇ ಆಗಿರುವುದು ಕಂಡುಬಂದಿತು. ಗಿಟಾರಿನ ಧ್ವನಿ ಒಂದು ಕಡತ. ಪೆಡಲುಗಳು ವಿಷಯ ನಿರ್ವಾಹಕರ ಮೇಜುಗಳು. ಕೆಲಸವಿರಲಿ ಇಲ್ಲದಿರಲಿ, ಕಡತವು ಪ್ರತಿಯೊಂದು ಮೇಜನ್ನೂ ಹಾದುಹೋಗುತ್ತಿತ್ತು. ಪ್ರತಿ ಮೇಜೂ ಸ್ವಲ್ಪ ಮಸಿಯನ್ನು ಮೆತ್ತಿ ಮುಂದೆ ಕಳುಹಿಸುತ್ತಿತ್ತು. ಇದಕ್ಕೆ ಪರಿಹಾರವೆಂದರೆ, ಕಡತವು ನಡುವಿನ ಒಬ್ಬ ಟಪಾಲು ಗುಮಾಸ್ತನ ಬಳಿಯೇ ಇರತಕ್ಕದ್ದು. ಆತ ಬೇಕಾದ ಮೇಜಿಗೆ ಮಾತ್ರ ಕಳುಹಿಸಿ, ಅಲ್ಲಿಂದ ಮರಳಿ ಪಡೆದು, ಮುಂದಿನ ಮೇಜಿಗೆ ಕಳುಹಿಸಬೇಕು. ಬೇಡವಾದ ಮೇಜುಗಳಿಗೆ ವಿಷಯವೇ ತಿಳಿಯಕೂಡದು. ಹೀಗೆ ಹೋಗಿ ಮರಳುವ ದಾರಿಗೆ ಲೂಪ್ ಎನ್ನುತ್ತಾರೆ, ಆ ಗುಮಾಸ್ತನಿಗೆ ಲೂಪ್ ಸ್ವಿಚರ್ ಎನ್ನುತ್ತಾರೆ. ನನ್ನ ಸೇವಾವಧಿಯಲ್ಲಿ ಇಷ್ಟು ಅಚ್ಚುಕಟ್ಟಾದ ಕಚೇರಿಯನ್ನು ನಾನು ಕಂಡಿರಲಿಲ್ಲ. ಆದ್ದರಿಂದ ಕಟ್ಟಲು ಕುಳಿತೆನು.

ಪ್ರತಿ ಪೆಡಲಿಗೆ ಒಂದು ರಿಲೇ ಇಟ್ಟೆನು. ರಿಲೇ ಎಂದರೆ ವಿದ್ಯುತ್ತಿನಿಂದ ತಾನೇ ಹೊರಳುವ ಚಿಕ್ಕ ಸ್ವಿಚ್ಚು. ತತ್ವಪದಕ್ಕೆ ಒಂದು ಗುಂಡಿ, ಜಾನಪದಕ್ಕೆ ಒಂದು, ಸಿನೆಮಾ ಹಾಡಿಗೆ ಒಂದು, ಕುಣಿಯುವ ಹಾಡಿಗೆ ಒಂದು. ಯಾವ ಗುಂಡಿಗೆ ಯಾವ ಯಾವ ಪೆಡಲು ಹತ್ತಬೇಕೆಂಬುದು ಒಳಗೇ ನಿಗದಿಯಾಗಿತ್ತು. ಪ್ರಾರಂಭದಲ್ಲಿ ಗುಂಡಿ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ‘ಟಕ್’ ಎಂದು ಸದ್ದಾಗುತ್ತಿತ್ತು. ಪ್ರತಿ ದಾರಿಗೂ ಒಂದೊಂದು ರೆಸಿಸ್ಟರ್ ಕಟ್ಟಿ ನೆಲಕ್ಕೆ, ಎಂದರೆ ಅರ್ಥ್ ತಂತಿಗೆ, ಜೋಡಿಸಿದ ತರುವಾಯ ಸದ್ದು ನಿಂತಿತು. ಈ ಯಶಸ್ಸನ್ನು ಹೇಳಿಕೊಳ್ಳಲು ಸುತ್ತಮುತ್ತ ಯಾರೂ ಇರಲಿಲ್ಲವಾಗಿ ಅವ್ವನಿಗೆ ಹೇಳಿದೆನು. ಆಕೆ, “ಮೊದಲ ಟಕ್ ಅಂತಿದ್ದದ್ದು ನೀನ ಮಾಡಿದ್ದಲ್ಲೇನು?” ಎಂದು ಕೇಳಿದಳು.

ಹೊರಗವಚಕ್ಕಾಗಿ ಸಿಂದಗಿಯಲ್ಲಿ ಟ್ರಂಕು ಮಾಡುವವರೊಬ್ಬರ ಬಳಿಗೆ ಹೋದೆವು. ಅವರು ಅಳತೆಯನ್ನು ಎರಡು ಸಲ ನೋಡಿ, “ಅಕ್ಕಾರ, ಇದಕ ಕೀಲಿ ಎಲ್ಲಿ ಕೂಡಸ್ಲಿ?” ಎಂದರು.

“ಕೀಲಿ ಬ್ಯಾಡ್ರಿ.”

“ಕೀಲಿ ಇಲ್ಲದ ಪೆಟ್ಟಿಗಿ ಎದಕ್ರಿ?”

“ಕಾಲಿಲೆ ತುಳ್ಯಾಕ್ರಿ,” ಎಂದನು ಮಲ್ಲು.

ಅವರು ಸ್ವಲ್ಪ ಹೊತ್ತು ಅವನ ಬೂಟನ್ನೇ ನೋಡಿ, “ಹಂಗಾರ ದಪ್ಪ ತಗಡಿನ ಪತ್ರಾ ಹಾಕ್ತೇನಿ,” ಎಂದರು.

ಈ ಹಂತದಲ್ಲಿ ನನ್ನಿಂದ ಒಂದು ವಿಷಯ ಬಿಟ್ಟುಹೋಗಿತ್ತು. ನಮ್ಮ ಕಡೆಯ ಮದುವೆಗಳಲ್ಲಿ ಹಾಡು ನಡೆದಿರುವಾಗಲೇ ಬಂಧುಗಳು ಆಯೇರಿ ತರುತ್ತಾರೆ. ಆಯೇರಿ ಎಂದರೆ ಉಡುಗೊರೆ, ಸೀರೆಯೋ ಪಾತ್ರೆಯೋ ಏನಾದರೂ ಆಗಬಹುದು. ಆಗ ಹಾಡು ಎಲ್ಲಿಗೇ ಬಂದಿರಲಿ ನಿಲ್ಲತಕ್ಕದ್ದು. ಕೊಟ್ಟವರ ಹೆಸರು, ಊರು, ಕೊಟ್ಟ ವಸ್ತು ಮೈಕಿನಲ್ಲಿ ಕೂಗಲ್ಪಡುತ್ತವೆ, ಆಮೇಲೆ ಹಾಡು ನಿಂತಲ್ಲಿಂದ ಮುಂದುವರಿಯುತ್ತದೆ. ಹೆಸರು ಹಂದರದ ಕೊನೆಯ ಸಾಲಿಗೆ ಕೇಳದಿದ್ದರೆ ಆಯೇರಿ ಕೊಟ್ಟಂತೆಯೇ ಅಲ್ಲ. ಇದು ಹುಟ್ಟಿದಾಗಿನಿಂದ ನನಗೆ ಗೊತ್ತು. ಆದರೆ ಸ್ವಿಚರ್ ಕಟ್ಟುವುದನ್ನು ನಾನು ಕಲಿತದ್ದು ಮೊಬೈಲಿನಲ್ಲಿನ ಹೊರದೇಶದ ವಿಡಿಯೋಗಳಿಂದ. ಅವುಗಳಲ್ಲಿ ಯಾರೂ ಆಯೇರಿ ಕೂಗುತ್ತಿರಲಿಲ್ಲ. ಬದಲಾಗಿ, ಪ್ರತಿಧ್ವನಿಯ ಪೆಡಲನ್ನು ಆರಿಸಿದಾಗ ಅದು ಥಟ್ಟನೆ ಸಾಯಬಾರದು, ಮೆಲ್ಲನೆ ಕರಗಬೇಕು, ಅದೇ ಉತ್ತಮ ವಿನ್ಯಾಸ ಎಂದು ಅವರು ಹೇಳುತ್ತಿದ್ದರು. ನಾನೂ ಹಾಗೆಯೇ ಮಾಡಿದೆನು. ಧ್ವನಿ ಒಳಹೋಗುವ ಬಾಗಿಲನ್ನು ಮುಚ್ಚಿ, ಹೊರಬರುವ ಬಾಗಿಲನ್ನು ತೆರೆದಿಟ್ಟೆನು.

ಮುದ್ದೇಬಿಹಾಳದ ಮದುವೆಯಲ್ಲಿ ಪೆಟ್ಟಿಗೆಯ ಮೊದಲ ಪ್ರಯೋಗ ನಡೆಯಿತು. ನಾಲ್ಕು ಗುಂಡಿಗಳೂ ತಮ್ಮ ಕರ್ತವ್ಯವನ್ನು ನಿರ್ವಹಿಸಿದವು. ಸಿನೆಮಾ ಹಾಡಿನ ನಡುವೆ ವಧುವಿನ ಸೋದರಮಾವ ತಾಮ್ರದ ಕೊಡ ಹೊತ್ತು ವೇದಿಕೆಗೆ ಬಂದರು. ಹಾಡು ನಿಂತಿತು. ಮಲ್ಲು ತಂತಿಯಿಂದ ಕೈ ತೆಗೆದು, ಗುಂಡಿ ಒತ್ತಿ ಪ್ರತಿಧ್ವನಿಯ ಪೆಡಲನ್ನೂ ಆರಿಸಿದನು. ನನ್ನ ಉತ್ತಮ ವಿನ್ಯಾಸವು ಮೆಲ್ಲನೆ ಕರಗತೊಡಗಿತು. ಕೂಗುವವರು ಹೆಸರು, ಊರು, ಕೊಡ ಎಲ್ಲವನ್ನೂ ಕೂಗಿ ಮುಗಿಸಿದರು. ಅದು ಇನ್ನೂ ಕರಗುತ್ತಲೇ ಇತ್ತು.

ಸೋದರಮಾವ ಮೈಕನ್ನು ತಾವೇ ಕೈಗೆ ತೆಗೆದುಕೊಂಡರು. “ನನ್ನ ಹೆಸರು ಯಾರ್ಯಾರಿಗೆ ಕೇಳ್ತು, ಕೈ ಎತ್ರಿ,” ಎಂದರು.

ಯಾರೂ ಎತ್ತಲಿಲ್ಲ.

“ತಾಮ್ರದ ಕೊಡ ಕೊಟ್ಟಾವ ನಾ. ಊರಿಗೆ ಕೇಳಿದ್ದು ಬರೇ ಟಂಯ್ ಟಂಯ್. ಹಂಗಾರ ಕೊಡಾ ಗಿಟಾರದಾವನ ಕೊಟ್ಟಂಗಾತು.”

ಕೊಡವನ್ನು ಅವರು ಹಿಂದಕ್ಕೊಯ್ಯಲಿಲ್ಲ, ಆದರೆ ಊಟಕ್ಕೂ ಕೂಡಲಿಲ್ಲ. ಮಾಸ್ತರರು ಮಲ್ಲುವಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಬಾಗೇವಾಡಿ ಲಗ್ನಕ್ಕ ಬಾ. ಅಲ್ಲೂ ಹಿಂಗಾತಂದ್ರ ಆಮ್ಯಾಲೆ ನಿನ್ನ ಹಾದಿ ನಿನಗ,” ಎಂದಷ್ಟೇ ಹೇಳಿದರು.

ಮಲ್ಲು ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, “ಅಕ್ಕಾ, ಬಾಯಿ ಮುಚ್ಚೂ ಗುಂಡಿ ಒಂದ ಹಾಕು,” ಎಂದನು.

ನನಗೆ ಖೇದವಾಯಿತು ಎಂಬುದನ್ನು ಮುಚ್ಚಿಡಲಾರೆ. ಇಷ್ಟು ಬಗೆಯ ಧ್ವನಿ ಹೊರಡಿಸಲು ಕಟ್ಟಿದ ಪೆಟ್ಟಿಗೆಗೆ ಏನೂ ಹೊರಡಿಸದಿರುವ ಗುಂಡಿ ಹಾಕುವುದು ಹೇಗೆ? ಆ ಕೆಲಸಕ್ಕೆ ಜಾಣ್ಮೆಯೇ ಬೇಕಿಲ್ಲ. ಎಲ್ಲ ಮೇಜುಗಳನ್ನೂ ದಾಟಿದ ಮೇಲೆ, ಹೊರಬಾಗಿಲಲ್ಲಿ ಒಂದು ರಿಲೇ. ಒತ್ತಿದರೆ ಧ್ವನಿ ನೆಲಕ್ಕಿಳಿದು ಹೋಗುತ್ತದೆ. ವಿದ್ಯಾರ್ಥಿಗಳೂ ಮಾಡಬಲ್ಲರು. ತಮ್ಮನ ಮುಖ ನೋಡಿ ಹಾಕಿದೆನು. ಬಣ್ಣವನ್ನು ಸಹ ಒಂದೇ ಸಲ ಬಳಿದೆನು.

ಬಸವನ ಬಾಗೇವಾಡಿಯ ಮದುವೆಗೆ ನಾನೂ ಹೋಗಿ ಹಂದರದ ಕೊನೆಯ ಸಾಲಿನಲ್ಲಿ ಕುಳಿತೆನು. ಕುಣಿಯುವ ಹಾಡು ನಡೆದಿತ್ತು. ಮೋರಟಗಿಯ ಕಡೆಯ ಒಬ್ಬ ಅಜ್ಜಿ ಹಳೆಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯೊಂದನ್ನು ಮಡಿಸಿ ಎದೆಗವಚಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು. ಕೂಗುವವರ ಗಂಟಲು ಅಷ್ಟರಲ್ಲಿ ಕಟ್ಟಿತ್ತು. ಅವರು ಮೈಕನ್ನು ಅಜ್ಜಿಯ ಕಡೆಗೇ ಹಿಡಿದರು. ಮಲ್ಲು ಬೂಟನ್ನು ಇಳಿಸಿದನು. ಗಿಟಾರು ಇದ್ದಕ್ಕಿದ್ದಂತೆ ಇಲ್ಲವಾಯಿತು, ನಡುಕ, ಪ್ರತಿಧ್ವನಿ ಎಲ್ಲವೂ. ಆಗ ಕೀಬೋರ್ಡೊಂದೇ ಸ್ವರ ಎಳೆಯುತ್ತಿರುವುದು ಎಲ್ಲರಿಗೂ ಕೇಳಿಸಿತು. ಸಿದ್ದು ಮಾತಾಡುತ್ತ ಬೆರಳೆತ್ತುವುದನ್ನು ಮರೆತಿದ್ದನು. ಅಜ್ಜಿ ಮೈಕಿನ ಮುಂದೆ ಕಾದರು. ಹಂದರದ ತಲೆಗಳೆಲ್ಲ ಸಿದ್ದುವಿನ ಕಡೆಗೆ ತಿರುಗಿದವು. ಆತ ಬೆರಳೆತ್ತಿದನು.

“ಮೋರಟಗಿ ಶಾಂತವ್ವ,” ಎಂದರು ಅಜ್ಜಿ. “ಕೌದಿ. ನಾನ ಹೊಲದೇನಿ.”

ಧ್ವನಿ ದೊಡ್ಡದಾಗಿರಲಿಲ್ಲ. ಆದರೂ ನನ್ನ ಪಕ್ಕದಲ್ಲಿದ್ದ ಹೆಂಗಸು, “ಶಾಂತವ್ವ ಅಂತ, ಕೌದಿ ಅಂತ, ತಾನ ಹೊಲದಾಳಂತ,” ಎಂದು ತನ್ನ ಪಕ್ಕದವಳಿಗೆ ವರದಿ ಮಾಡಿದಳು. ನಾನು ಪೆಟ್ಟಿಗೆ ಕಟ್ಟಿದಾಗಿನಿಂದ ಅದರ ಕೆಲಸದ ಬಗ್ಗೆ ಸಾರ್ವಜನಿಕರಿಂದ ಬಂದ ಮೊದಲ ಅನುಕೂಲಕರ ಪ್ರತಿಕ್ರಿಯೆ ಇದಾಗಿತ್ತು. ಆಕೆಗೆ ಪೆಟ್ಟಿಗೆಯ ವಿಷಯ ತಿಳಿದಿರಲಿಲ್ಲ.

ಊಟದ ಪಂಕ್ತಿಯಲ್ಲಿ ಸಿದ್ದು ಮಾಸ್ತರರನ್ನು ಕೇಳಿದನು: “ಮಾಸ್ತರ, ಗಿಟಾರ ನನ್ನ ಪೆಟ್ಟಿಗ್ಯಾಗೂ ಐತಲ್ಲರಿ. ಮತ್ತ ಇವನ್ನ ಯಾಕ ಇಟ್ಕೋತೀರಿ?”

ಮಾಸ್ತರರು ಹೋಳಿಗೆಯನ್ನು ತುಪ್ಪದಲ್ಲಿ ಮುಳುಗಿಸಿ, ನಿಧಾನವಾಗಿ ಅಗಿದು ಹೇಳಿದರು: “ಗಿಟಾರ ನಿನ್ನ ಪೆಟ್ಟಿಗ್ಯಾಗೂ ಐತಿ, ಖರೆ. ಸುಮ್ಮನಾಗೂದು ಇವನ ಕಾಲಾಗ ಐತಿ.” ಬಳಿಕ ನನ್ನ ಕಡೆ ತಿರುಗಿ, “ಅಕ್ಕಾರ, ಸಿದ್ದುನ ವಾಯರ್‌ನೂ ಅದರಾಗ ಹಾಕಾಕ ಬರ್ತೈತೇನ್ರಿ?” ಎಂದರು.

ರಿಲೇಯೊಳಗೆ ಎರಡು ಜೊತೆ ಸಂಪರ್ಕಗಳಿರುತ್ತವೆ. ಒಂದನ್ನು ಗಿಟಾರಿಗೆ ಬಳಸಲಾಗಿತ್ತು, ಇನ್ನೊಂದು ಖಾಲಿ ಬಿದ್ದಿತ್ತು. ಬರುತ್ತದೆ ಎಂದೆನು. ಅಂದಿನಿಂದ ಕೀಬೋರ್ಡಿನ ಧ್ವನಿಯೂ ಮಲ್ಲುವಿನ ಬೂಟಿನ ಕೆಳಗಿಂದಲೇ ಹಾದುಹೋಗುತ್ತದೆ. ಮಲ್ಲುವನ್ನು ಬಿಡಿಸುವ ಮಾತು ಆ ತರುವಾಯ ಬಂದಿರುವುದಿಲ್ಲ. ಸಿದ್ದು ಕೆಲ ದಿನ ಮುಖ ಗಂಟಿಕ್ಕಿಕೊಂಡಿದ್ದು, ಈಚೆಗೆ ತಾನಾಗಿ ಮಲ್ಲುವಿಗೆ ಚಹಾ ತಂದುಕೊಡುತ್ತಾನೆಂದು ತಿಳಿದುಬಂದಿದೆ.

ಈಗ ಐದನೆಯ ಗುಂಡಿಯನ್ನು ಬದಲಾಯಿಸಿ, ಬೆಸುಗೆ ಹಾಕಿ ಮುಗಿಸಿದ್ದೇನೆ. ಹೊಸದಕ್ಕೆ ಮೂರು ಸಲ ಬಣ್ಣ ಬಳಿದಿದ್ದೇನೆ. ಪರೀಕ್ಷಿಸಲು ಮನೆಯಲ್ಲಿ ಗಿಟಾರಿಲ್ಲದ ಕಾರಣ ನನ್ನ ಮೊಬೈಲಿನ ಹಾಡನ್ನು ಪೆಟ್ಟಿಗೆಯ ಮೂಲಕ ಸ್ಪೀಕರಿಗೆ ಹಾಯಿಸಿ, ಕೈಯಿಂದಲೇ ಒತ್ತಿದೆನು. ಹಾಡು ನಿಂತಿತು. ಟಕ್ ಎನ್ನಲಿಲ್ಲ. ಮನೆಯೆಲ್ಲ ನಿಶ್ಶಬ್ದವಾದದ್ದನ್ನು ಕೇಳಿ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಬಂದು ಬಾಗಿಲಲ್ಲಿ ನಿಂತಳು.

“ಯಾರು ಮಾತಾಡ್ತಾರ ಈಗ?” ಎಂದು ಕೇಳಿದಳು.

“ಯಾರೂ ಇಲ್ಲವ್ವ. ಗುಂಡಿ ನೋಡಾಕತ್ತೇನಿ.”

“ಯಾರೂ ಇಲ್ಲಂದ್ರ ಯಾಕ ನಿಲ್ಲಿಸಿದಿ?” ಎಂದಳು ಅವ್ವ. ಆಮೇಲೆ, ನಿಂತ ಸದ್ದು ವ್ಯರ್ಥವಾಗಬಾರದೆಂಬಂತೆ, ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತು, “ಮತ್ತ ನೀನರ ಏನರ ಹೇಳು,” ಎಂದಳು.

ನಾನು ಕಾಗದ ತೆಗೆದುಕೊಂಡು ಇದಿಷ್ಟನ್ನು ಬರೆದೆನು. ನಿಲ್ಲಿಸಿದ ಹಾಡನ್ನು ಇನ್ನೂ ಹಚ್ಚಿಲ್ಲ.

ಕಚೇರಿಯಲ್ಲಿ ನನ್ನ ಕರಡುಗಳನ್ನು ತಿದ್ದಲು ಮೇಲಧಿಕಾರಿಗಳಿದ್ದಾರೆ, ಇಲ್ಲಿ ತಾವೇ ಇದ್ದೀರಿ. ಮೇಲಿನ ಸಾಲುಗಳಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ಪೆನ್ಸಿಲಿನಿಂದ ಗುರುತು ಹಾಕಿ ಸರಿಯಾದ ರೂಪವನ್ನು ಪಕ್ಕದಲ್ಲಿ ಬರೆಯಬೇಕಾಗಿ ವಿನಂತಿ. ಇದು ನನ್ನದೇ ಹೆಸರಿನಲ್ಲಿ ಹೊರಡುವಂಥದ್ದಾದ್ದರಿಂದ ಸರಿಯಾಗಿರಬೇಕೆಂಬ ಆಸೆಯಿದೆ.