ಐವತ್ತು ದಿನದ ಕೂಸಿನ ಎದುರು ಸೋತ ವಾದ

ಪೊಲೀಸ್ ಆಕ್ಷನ್ ಮುಗಿದು ಆರು ತಿಂಗಳಾಗಿತ್ತು. 1949ರ ಮಾರ್ಚ್ ಕೊನೆಯ ವಾರ ನಾನೂ ನನ್ನ ಗಂಡನೂ ಧಾರವಾಡ ಬಿಟ್ಟು ಬೀದರಿಗೆ ಹೊರಟೆವು. ನಮ್ಮವ್ವ ಸ್ಟೇಷನ್ನಿನಲ್ಲಿ ನಿಂತು, ಸಮುದ್ರ ದಾಟುವವರನ್ನು ಕಳಿಸುವವಳ ಹಾಗೆ ಅತ್ತಳು.

"ಪರದೇಶಕ್ಕ ಹೊಂಟೀರಿ, ಹುಷಾರಿ" ಎಂದಳು.

"ಪರದೇಶ ಅಲ್ಲಬೇ. ಹೋದ ಸಪ್ಟೆಂಬರದಾಗ ನಮ್ಮ ದೇಶಾನ ಆತು" ಎಂದು ನಾನು ತಿದ್ದಿದೆ.

"ನಾಣ್ಯ ಬ್ಯಾರೆ, ಕಚೇರಿ ಭಾಷಾ ಬ್ಯಾರೆ, ಗಡಿದಾಗ ಗಂಟು ಬಿಚ್ಚಿಸಿ ನೋಡ್ತಾರ. ಪರದೇಶ ಅನ್ನಾಕ ಇನ್ನೇನು ಕೋಡು ಮೂಡಬೇಕು?"

ಉತ್ತರ ನನ್ನ ಹತ್ತಿರ ಇತ್ತು. ಆದರೆ ಗಾಡಿ ಬಿಟ್ಟಿತು.

ನಾನು ಕಾಲೇಜಿನಲ್ಲಿ ಎರಡು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು. ವಿಷಯದ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಯಾವ ಕಡೆ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ಆಧಾರವಿಲ್ಲದ ಮಾತನ್ನು ಒಪ್ಪುವ ಚಟ ನನಗಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಯಾರೂ ಇದುವರೆಗೆ ಪುರಾವೆ ಕೊಟ್ಟಿಲ್ಲವಾದ್ದರಿಂದ ಹೇಳುತ್ತೇನೆ: ಅವನ ಹೆಸರು ಈರಣ್ಣ. ಬಟ್ಟೆ ಹೊಲಿಯುವ ಸಿಂಪಿಗರ ಮನೆತನ, ಮ್ಯಾಟ್ರಿಕ್ ಪಾಸು, ಮಾತು ಕಡಿಮೆ. ಈ ಕೊನೆಯ ಗುಣ ನೋಡಿಯೇ ನಾನು ಮದುವೆಗೆ ಒಪ್ಪಿದ್ದು ಎಂದು ಗೆಳತಿಯರು ಹಂಗಿಸುತ್ತಾರೆ. ಅದಕ್ಕೂ ಪುರಾವೆ ಇಲ್ಲ.

ಬೀದರಿನ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಕನ್ನಡ ಕಲಿಸುವ ನೌಕರಿ ನನಗೆ ಸಿಕ್ಕಿತ್ತು. ಈರಣ್ಣ ತಾನು ದುಡಿಯುತ್ತಿದ್ದ ಅಂಗಡಿ ಬಿಟ್ಟು, ಕೈಯಿಂದ ತಿರುವುವ ತನ್ನ ಹೊಲಿಗೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಜೊತೆ ಹೊರಟಿದ್ದ. "ಹೆಂಡ್ತಿ ನೌಕರಿ ಬೆನ್ನ ಹತ್ತಿ ಹೊಂಟಾನ" ಎಂದು ಅವನ ಅಣ್ಣಂದಿರು ಓಣಿ ತುಂಬ ಹೇಳಿಕೊಂಡು ನಕ್ಕಿದ್ದರು. ನೌಕರಿ ಕೈಬಿಟ್ಟರೆ ತಿರುಗಿ ಅದೇ ಮನೆಯ ನಡುಕೋಣೆ, ಅದೇ ಅಣ್ಣಂದಿರು, ಅದೇ ನಗೆ. ಮದುವೆಯಾಗಿ ಒಂದು ವರ್ಷವಾದರೂ ನಮ್ಮದು ಎನ್ನುವ ಒಂದು ಬಾಗಿಲು ನಮಗಿರಲಿಲ್ಲ.

ನೌಕರಿಯ ಹುಕುಂ ಜನವರಿ ಕೊನೆಗೇ ಬಂದಿತ್ತು. ಉರ್ದುವಿನಲ್ಲಿತ್ತು. ಓದಿಸಿದೆವು. 'ಫರವರ್ದಿ ಹತ್ತರೊಳಗೆ ಹಾಜರಾಗಬೇಕು' ಎಂದಿತ್ತು. ಅಲ್ಲಿಯ ಕಚೇರಿಗಳಲ್ಲಿ ಇಂಗ್ಲಿಷ್ ತಿಂಗಳು ನಡೆಯುತ್ತಿರಲಿಲ್ಲ. ಫಸಲಿ ಎಂಬ ಅವರದೇ ಲೆಕ್ಕ, ತಿಂಗಳುಗಳಿಗೆ ಇರಾನಿನ ಹೆಸರು. ಓದಿಕೊಟ್ಟ ಮಾಸ್ತರಿಗೂ ಅದು ಯಾವಾಗ ಬರುತ್ತದೆಂದು ಗೊತ್ತಿರಲಿಲ್ಲ. "ಆ ಕಡೆಯವರನ್ನ ಯಾರನ್ನರೆ ಕೇಳೂಣು" ಎಂದ ಈರಣ್ಣ. ಕೇಳುವುದೇಕೆ, ಗ್ರಂಥಾಲಯ ಇರುವುದೇಕೆ? ದಪ್ಪ ವಿಶ್ವಕೋಶ ತೆಗೆದು ನೋಡಿದೆ. ಇರಾನಿನ ಹೊಸ ವರ್ಷದ ಮೊದಲ ತಿಂಗಳು ಫರವರ್ದಿನ್. ಮಾರ್ಚ್ ಇಪ್ಪತ್ತೊಂದಕ್ಕೆ ಶುರು. ಅಂದರೆ ಫರವರ್ದಿ ಹತ್ತು ಎಂದರೆ ಮಾರ್ಚ್ ಮೂವತ್ತು.

"ಎರಡು ತಿಂಗಳ ಮೊದ್ಲ ಯಾಕ ಹುಕುಂ ಕಳಿಸ್ಯಾರ?" ಎಂದು ಈರಣ್ಣ ಒಮ್ಮೆ ಕೇಳಿದ್ದ.

"ದೂರದ ಊರು. ತಯಾರಿಗೆ ವೇಳೆ ಕೊಟ್ಟಾರ" ಎಂದೆ. ಅವನು ಸುಮ್ಮನಾದ. ಸುಮ್ಮನಾದವರನ್ನು ಗೆದ್ದೆನೆಂದು ಎಣಿಸುವುದು ನಮ್ಮಂಥವರ ರೋಗ.

ಹೀಗೆ ಮೂರು ದಿನ ಮುಂಚೆಯೇ ತಲುಪುತ್ತೇವೆಂಬ ಹೆಮ್ಮೆಯಲ್ಲಿ ಹೊರಟೆವು. ಗಡಿ ದಾಟಿದ ಮೇಲೆ ಸುಂಕದವರು ರೈಲಿನ ಡಬ್ಬಿಗೆ ಬಂದು ಕಂಬಳಿ ಬಿಚ್ಚಿಸಿದರು. ಒಂದೇ ದೇಶದೊಳಗೆ ಸುಂಕ ಕೇಳುವುದು ಹೇಗೆ ನ್ಯಾಯ ಎಂಬುದರ ಮೇಲೆ ನಾನು ಮೊದಲ ಅಂಶ ಮುಗಿಸುವಷ್ಟರಲ್ಲಿ, ಈರಣ್ಣ ಸುಂಕದ ಸಿಪಾಯಿಯ ಅಂಗಿಯ ಹರಿದ ತೋಳನ್ನು ಯಂತ್ರದ ಸೂಜಿಯ ಕೆಳಗೆ ಸರಿಸಿ ನಾಲ್ಕು ಸುತ್ತು ತಿರುವಿದ್ದ. "ಇದು ಮಾರೋದಲ್ರಿ, ದುಡಿಯೋದು" ಎಂದ. ಸಿಪಾಯಿ ತೋಳು ನೋಡಿಕೊಂಡು ಇಳಿದುಹೋದ. ನನ್ನ ಎರಡನೆಯ ಅಂಶ ಬಾಯಲ್ಲೇ ಉಳಿಯಿತು.

ವಿಕಾರಾಬಾದಿನಲ್ಲಿ ಬೀದರ ಗಾಡಿ ಹತ್ತಿದೆವು. ಎದುರಿಗೆ ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಕಚೇರಿಯಲ್ಲಿ ನಲವತ್ತು ವರ್ಷ ಕಾರಕೂನಿಕೆ ಮಾಡಿದವರು. ಡಬ್ಬಿಯ ಜನ ಅವರನ್ನು ಮುನ್ಶಿ ಸಾಹೇಬರೆಂದು ಕರೆಯುತ್ತಿದ್ದರು. ಜಹೀರಾಬಾದಿನಲ್ಲಿ ಕಮಠಾಣದ ನಾಗಮ್ಮ ಎಂಬ ಹೆಂಗಸು ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹತ್ತಿದಳು. ಕೂಸು ಅವಳ ತೊಡೆಯ ಮೇಲಿತ್ತು.

"ಎಲ್ಲಿಗ್ರಿ ಸವಾರಿ?" ಎಂದು ಮುನ್ಶಿ ಸಾಹೇಬರು ಕೇಳಿದರು. ನಾನು ಹೆಮ್ಮೆಯಿಂದ ಹುಕುಂ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

"ಬೇಟಿ, ಫರವರ್ದಿ ಹತ್ತು ಹೋಗಿ ಒಂದೂವರಿ ತಿಂಗಳಾಯ್ತಲ್ಲ!"

"ಇಲ್ಲ, ಇನ್ನೂ ಮೂರು ದಿನ ಇದೆ" ಎಂದೆ.

"ಯಾರು ಹೇಳ್ಯಾರ?"

"ವಿಶ್ವಕೋಶ."

"ಅವರು ಯಾವ ಊರಿನವ್ರು?" ಎಂದಳು ನಾಗಮ್ಮ.

ಈಗ ಬರೆಯಲು ನಾಚಿಕೆಯಾಗುತ್ತದೆ. ಆ ನೆಲದಲ್ಲಿ ಹುಟ್ಟಿ, ಆ ತಾರೀಖುಗಳನ್ನೇ ನಲವತ್ತು ವರ್ಷ ಬರೆದ ಮನುಷ್ಯನಿಗೆ, ಅವರ ತಿಂಗಳು ಅವರಿಗೇ ತಿಳಿಯದೆಂದು ನಾನು ಅರ್ಧ ಗಂಟೆ ವಾದಿಸಿದೆ. ಇರಾನಿನ ಅರಸರಿಂದ ಶುರುಮಾಡಿ ಹಗಲಿರುಳು ಸಮವಾಗುವ ದಿನದವರೆಗೆ ಬಂದೆ. ಇಡೀ ಡಬ್ಬಿ ನಮ್ಮ ಕಡೆ ತಿರುಗಿ ಕೂತಿತು. ಒಬ್ಬ ಶೇಂಗಾ ತಿನ್ನುವುದನ್ನೂ ಮರೆತ. ಮುನ್ಶಿ ಸಾಹೇಬರು ತಾಳ್ಮೆಯಿಂದ ಕೇಳಿ, ಕನ್ನಡಕ ಇಳಿಸಿದರು.

"ನಿನ್ನ ಮಾತು ಖರೇನೇ ಇರಬೇಕು ಬೇಟಿ, ಇರಾನದಾಗ. ಆದ್ರ ನಮ್ಮ ಸರಕಾರದ ವರ್ಷ ಆಜೂರ್‌ಕ ಶುರು ಆಗ್ತದ, ಅಕ್ಟೋಬರದಾಗ. ಎಣಿಸಿಕೋತ ಬಾ, ಐದನೇ ತಿಂಗಳು ಫರವರ್ದಿ ಫೆಬ್ರವರಿಗೆ ಬೀಳ್ತದ. ಈ ಗಾಡಿ ಇರಾನಕ್ಕ ಹೋಗಂಗಿಲ್ಲ, ಬೀದರಕ್ಕ ಹೋಗ್ತದ."

ಡಬ್ಬಿ ನಕ್ಕಿತು. ನಾನು ಬಿಡಲಿಲ್ಲ. "ಆಧಾರ ಏನು?" ಎಂದೆ.

ನಾಗಮ್ಮ ಕೂಸನ್ನು ಎತ್ತಿ ನನ್ನ ಮುಂದೆ ಹಿಡಿದಳು. "ತಗೋಳ್ಳವ್ವಾ ಆಧಾರ. ಇದು ಹುಟ್ಟಿದ್ದು ಫರವರ್ದಿ ಐದಕ್ಕ. ನಮ್ಮ ಪಟೇಲ ವಹಿದಾಗ ಬರಕೊಂಡಾನ. ಇವತ್ತಿಗಿ ಐವತ್ತು ದಿನ. ನಿನ್ನ ಲೆಕ್ಕದಾಗ ಇದು ಹುಟ್ಟಿ ಎಷ್ಟು ದಿನ ಆಯ್ತು ಹೇಳು."

ನನ್ನ ಲೆಕ್ಕದಲ್ಲಿ ಎರಡು ದಿನ. ಎರಡು ದಿನದ ಕೂಸು ಕುತ್ತಿಗೆ ಎತ್ತುವುದಿಲ್ಲ. ಇದು ಕುತ್ತಿಗೆ ಎತ್ತಿ ನನ್ನನ್ನೇ ನೋಡುತ್ತಿತ್ತು.

"ಹೋದ ವರ್ಷದ ಫರವರ್ದಿ ಇರಬಹುದು" ಎಂದೆ. ಸೋಲುವವರು ಕೊನೆಗೆ ಏನಾದರೂ ಹೇಳಲೇಬೇಕಲ್ಲ.

"ಹೋದ ವರ್ಷದ್ದಾಗಿದ್ರ ಇಷ್ಟೊತ್ತಿಗಿ ನಡಕೋತ ಬಂದು ನಿನ್ನ ಬಾಯಿ ಮುಚ್ಚತಿತ್ತು!"

ಆ ಕ್ಷಣಕ್ಕೆ ಸರಿಯಾಗಿ ಕೂಸು ಬಾಯಿ ಅಗಲಿಸಿ ನಕ್ಕಿತು. ಡಬ್ಬಿಯ ಜನ ಚಪ್ಪಾಳೆ ತಟ್ಟಿದರು. ಶೇಂಗಾದವನು ನಾಗಮ್ಮನ ಉಡಿಗೆ ಒಂದು ಹಿಡಿ ಶೇಂಗಾ ಹಾಕಿದ. ನಾನೂ ನಕ್ಕೆ. ನಗುತ್ತಲೇ ಈರಣ್ಣನ ಕಡೆ ತಿರುಗಿದೆ. ಅವನು ನಗುತ್ತಿರಲಿಲ್ಲ. ಎರಡೂ ಕೈ ಯಂತ್ರದ ಮೇಲಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದ. ಆಗ ನನಗೆ ನಿಜವಾಗಿ ತಿಳಿಯಿತು, ನಾನು ಏನು ಕಳೆದುಕೊಂಡಿದ್ದೇನೆಂದು. 'ಯಾರನ್ನರೆ ಕೇಳೂಣು' ಎಂದವನು ಅವನು. ಈಗಲೂ ಅದನ್ನು ಅವನು ಎತ್ತಿ ಆಡಲಿಲ್ಲ.

"ತಿರುಗಿ ಹೋಗೂಣೇನು?" ಎಂದು ಮೆಲ್ಲಗೆ ಕೇಳಿದೆ.

"ಬೀದರ ನೋಡಿಲ್ಲ ನಾ. ನೋಡೇ ಹೋಗೂಣು" ಎಂದ.

ಮುನ್ಶಿ ಸಾಹೇಬರು ಇದನ್ನೆಲ್ಲ ಕೇಳಿಸಿಕೊಂಡಿರಬೇಕು. ಬೀದರಿನಲ್ಲಿ ಇಳಿದದ್ದೇ ನಮ್ಮ ಟ್ರಂಕಿನ ಮೇಲೆ ಕೂತು ಕಾಗದ ಲೇಖನಿ ತೆಗೆದರು. "ನಲವತ್ತು ವರ್ಷದಾಗ ತಡಾ ಆದವ್ರ ಅರ್ಜಿ ಭಾಳ ನೋಡೀನಿ. ಜ್ವರ ಅಂತಾರ, ಮಳಿ ಅಂತಾರ, ಇದ್ದ ಅಜ್ಜನ್ನ ಸಾಯಿಸ್ತಾರ. ನಿಂದು ಖರೇ ಬರೀತೇನಿ. ಯಾಕಂದ್ರ ಇಂಥಾ ಸುಳ್ಳು ಯಾರಿಗೂ ಹೊಳಿಯಂಗಿಲ್ಲ." ಇರಾನಿನ ಅಂಶವನ್ನು ಸ್ವಲ್ಪ ಒತ್ತಿ ಬರೆಯಿರಿ ಎಂದೆ. "ಅರ್ಜಿ ಅದ ಇದು, ಶಾಯರಿ ಓದೋ ಮುಶಾಯಿರಾ ಅಲ್ಲ" ಎಂದು ಗದರಿದರು. ಒಂದು ಷರತ್ತನ್ನೂ ಹಾಕಿದರು: "ಒಳಗ ಹೋದ ಮ್ಯಾಲ ವಾದ ಮಾಡಬ್ಯಾಡ."

ಮುನ್ಶಿ ಸಾಹೇಬರೂ ನಮ್ಮ ಜೊತೆ ಶಿಕ್ಷಣ ಕಚೇರಿಗೆ ಬಂದರು; ಟ್ರಂಕು ಹೊರಗಿಟ್ಟು ಒಳಗೆ ಹೋದೆವು. ಅಲ್ಲಿಯ ಅಧಿಕಾರಿ ಗುಲಬರ್ಗಾ ಕಡೆಯ ಹೆಣ್ಣುಮಗಳು, ನಡುವಯಸ್ಸಿನವರು. ಅರ್ಜಿ ಓದುತ್ತ ಓದುತ್ತ ಅವರ ತುಟಿ ಅದುರಿತು. ನಗೆಯೋ ಸಿಟ್ಟೋ ತಿಳಿಯಲಿಲ್ಲ.

"ನಿಮ್ಮ ಜಾಗಾ ಹದಿನೈದು ದಿನದ ಹಿಂದ ಬ್ಯಾರೆಯವ್ರಿಗಿ ಕೊಟ್ಟೀವಿ" ಎಂದರು. "ಚರ್ಚಾದಾಗ ಗೆದ್ದವ್ರು ಅಂತ ನಿಮ್ಮ ಮೊದಲಿನ ನೌಕರಿ ಅರ್ಜಿದಾಗ ಬರದೀರಿ. ಮಾಡ್ರಿ ವಾದ, ಕೇಳ್ತೇನಿ. ನಿಮಗ ನೌಕರಿ ಯಾಕ ಕೊಡಬೇಕು?"

ನನ್ನ ಹತ್ತಿರ ನಾಲ್ಕು ಅಂಶಗಳಿದ್ದವು. ಹುಕುಂನಲ್ಲಿ ಇಂಗ್ಲಿಷ್ ತಾರೀಖು ಇರಲಿಲ್ಲ. ಹೊರಗಿನವರಿಗೆ ತಿಳಿಸುವ ಹೊಣೆ ಕಚೇರಿಯದು. ರಾಜ್ಯ ಈಗ ಭಾರತದ ಭಾಗ. ನಾಲ್ಕನೆಯದು ಇನ್ನೂ ಚೂಪಾಗಿತ್ತು. ಯಾವ ಸಭೆಯಲ್ಲಾದರೂ ಇವಿಷ್ಟರಿಂದ ಗೆಲ್ಲುತ್ತಿದ್ದೆ. ಬಾಗಿಲಲ್ಲಿ ಮುನ್ಶಿ ಸಾಹೇಬರ ಪಕ್ಕ ಈರಣ್ಣ ಯಂತ್ರವನ್ನು ಕೆಳಗಿಡದೆ ಹೊತ್ತೇ ನಿಂತಿದ್ದ.

"ವಾದ ಇಲ್ರಿ" ಎಂದೆ. "ತಪ್ಪು ನಂದು. ನಮ್ಮ ಮನಿಯವ್ರು ಯಾರನ್ನರೆ ಕೇಳೂಣು ಅಂದಿದ್ರು, ನಾ ಕೇಳಲಿಲ್ಲ."

ನನ್ನ ಬಾಯಿಂದ ಅಂಥ ಮಾತು ಅದಕ್ಕೂ ಮುಂಚೆ ಹೊರಟ ನೆನಪಿಲ್ಲ. ಆ ಅಧಿಕಾರಿ ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಆಮೇಲೆ ಜೋರಾಗಿ ನಕ್ಕುಬಿಟ್ಟರು. "ತಡಾ ಮಾಡಿ ಬಂದವ್ರೆಲ್ಲಾ ರೈಲಿಗಿ ಬೈತಾರ. ನೀವೊಬ್ರು ಇರಾನದ ಸುದ್ದಿ ತಂದೀರಿ!" ಕಣ್ಣೊರೆಸಿಕೊಂಡು ಕಾಗದ ತಿರುವಿದರು. "ಭಾಲ್ಕಿದಾಗ ಜಾಗಾ ತುಂಬೇದ. ಔರಾದದಾಗ ಹೆಣ್ಣಮಕ್ಕಳ ಸಾಲಿ ಅದ, ಮಾಸ್ತರಬಾಯಿ ಇಲ್ಲ. ದಾರಿ ಕೆಟ್ಟದ್ದು. ಯಾರೂ ಹೋಗಂಗಿಲ್ಲ. ನೀವು ಹೋಗ್ತೀರೇನು?"

ನಾನು ಉತ್ತರಿಸುವ ಮೊದಲು ಬಾಗಿಲಿನಿಂದ ಈರಣ್ಣನ ದನಿ ಕೇಳಿತು. "ಅಲ್ಲೆ ಸಿಂಪಿಗ್ಯಾರು ಎಷ್ಟು ಮಂದಿ ಅದಾರ್ರೀ?"

"ಒಬ್ಬಾತ ಇದ್ದ. ಹ್ವಾದ ವರ್ಷ ಗದ್ದಲದಾಗ ಊರು ಬಿಟ್ಟು ಹ್ವಾದ."

 ಪೊಲೀಸ್ ಆಕ್ಷನ್ನಿನ ಆ ವರ್ಷ ಆ ಕಡೆ ಊರು ಬಿಟ್ಟುಹೋದವರು ಯಾರು, ಯಾಕೆ ಹೋದರು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಮುನ್ಶಿ ಸಾಹೇಬರು ಗೋಡೆಯ ಕಡೆ ನೋಡುತ್ತಿದ್ದರು. ಈರಣ್ಣನ ಮುಖವೂ ಬಾಡಿತು; ಒಬ್ಬರ ಖಾಲಿ ಜಾಗ ಕೇಳಿ ಪಡೆದಂತಾಗಿತ್ತು. ಮುದುಕರೇ ಕೊನೆಗೆ ಅವನ ಭುಜ ತಟ್ಟಿದರು. "ಹೋಗು ಬೇಟಾ. ಆತ ತಿರುಗಿ ಬಂದ್ರ ಎರಡು ಮಶೀನು ನಡೀಲಿ. ಬರೋತನಕ ಊರಿನ ಮಂದಿ ಹರಕು ಹಾಕ್ಕೋಬಾರದಲ್ಲ."

ಹೊರಗೆ ಬಂದರೆ ಬೇವಿನ ಮರದ ಕೆಳಗೆ ನಮ್ಮ ಟ್ರಂಕಿನ ಮೇಲೆ ನಾಗಮ್ಮ ಕೂತಿದ್ದಳು. ಊರಿನ ಬಂಡಿ ಬಂದು ಕಾದು ನಿಂತಿತ್ತು.

"ಇನ್ನೂ ಹೋಗಿಲ್ಲೇನವ್ವಾ?"

"ಏನಾಯ್ತು ತಿಳೀದೇ ಹ್ಯಾಂಗ ಹೋಗ್ಲಿ? ಊರಾಗ ಕೇಳಿದ್ರ ಕಥಿ ಅರ್ಧಾ ಹೇಳ್ಲೇನು?"

ನೌಕರಿ ಸಿಕ್ಕಿತು ಎಂದಾಗ ಅವಳು ಕೂಸಿನ ಕೆನ್ನೆ ಹಿಂಡಿ, "ನೋಡು, ನಿನ್ನ ಸಾಕ್ಷಿ ಗೆದ್ದಿತು" ಎಂದಳು. ನಮ್ಮನ್ನು ಧರ್ಮಶಾಲೆಗೆ ಬಿಡಲಿಲ್ಲ. ಅವತ್ತು ಕಮಠಾಣದ ಅವಳ ಮನೆಯಲ್ಲಿ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಹಸಿ ಉಳ್ಳಾಗಡ್ಡಿ ಉಂಡೆವು. ಓಣಿಯ ಹೆಂಗಸರು ಬಂದು ಕೂತರು. ನಾಗಮ್ಮ ಇಡೀ ವಾದವನ್ನು ಎರಡೂ ದನಿಯಲ್ಲಿ ಆಡಿ ತೋರಿಸಿದಳು. ನನ್ನ ದನಿ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚೂಪು ಎಂದು ಅಂದೇ ನನಗೆ ಗೊತ್ತಾಯಿತು. ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಯಾದ ಮೇಲೆ ಅವನು ಅಷ್ಟು ನಕ್ಕಿದ್ದು ನಾನು ನೋಡಿರಲಿಲ್ಲ.

ಎರಡನೆಯ ದಿನ ಬೀದರಿನ ಧಾನ್ಯದ ಪೇಟೆ ಗಂಜ್‌ನಿಂದ ಹೊರಟ ಲಾರಿಯೊಂದರಲ್ಲಿ ತೊಗರಿ ಚೀಲಗಳ ಮೇಲೆ ಕೂತು ಔರಾದಿಗೆ ಹೋದೆವು. ಸಾಲೆಯ ಹಿಂದೆ ಒಂದೇ ಕೋಣೆಯ ಮನೆ ಸಿಕ್ಕಿತು. ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು. ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ.

ಈರಣ್ಣ ಕಟ್ಟೆಯ ಮೇಲೆ ಯಂತ್ರ ಇಟ್ಟು ಕಂಬಳಿ ಬಿಚ್ಚುತ್ತಿದ್ದಂತೆ ನಾಲ್ಕು ಮಂದಿ ಸೇರಿದರು. ಅವರ ಮಾತಿನಲ್ಲಿ ಅರ್ಧ ಮರಾಠಿ, ಕಾಲು ಉರ್ದು. ಉಳಿದ ಕಾಲು ಭಾಗ ಹಿಡಿದು ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಒಬ್ಬಾತ ಹರಿದ ಅಂಗಿ ಮುಂದೆ ಚಾಚಿ ಕೇಳಿದ:

"ಯಾವೂರವ್ರು ನೀವು?"

ನಾನು ಗಂಟಲು ಸರಿಮಾಡಿಕೊಂಡೆ. ಧಾರವಾಡ, ಮುಂಬಯಿ ಪ್ರಾಂತ, ಹೊರಗಿನವರು ಎಂಬ ಮಾತಿನ ಅರ್ಥವ್ಯಾಪ್ತಿ, ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಈರಣ್ಣ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದ:

"ಇಲ್ಲಿಯವ್ರ ರೀ."

ಬಂದು ಒಂದು ತಾಸೂ ಆಗಿರಲಿಲ್ಲ. ಆ ಮಾತನ್ನು ಖಂಡಿಸುವುದು ಬಹಳ ಸುಲಭವಿತ್ತು. ನಾಲ್ಕು ವರ್ಷವಾದರೂ ನಾನು ಇನ್ನೂ ಖಂಡಿಸಿಲ್ಲ.