ಅಡುಗೆಮನೆಯ ಬಾಗಿಲಾಚೆಯ ಕೆಮ್ಮು

ಬಲ್ಗೇರಿಯಾದ ಪ್ಲೋವ್ದಿವ್‌ನ ಯಹೂದಿ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಹಬ್ಬದ ಬೆಳಗ್ಗೆ ಹಲ್ಲೇಲ್ ಸ್ತುತಿಗೀತೆಗಳನ್ನು ಕೇಳಿದವರಿಗೆ ಮಾನ್ಯ ಮೊರ್ದೋ ಕಲ್ದೆರೋನ್ ಅವರನ್ನು ಪರಿಚಯಿಸಬೇಕಾಗಿಲ್ಲ. ತಾರುಣ್ಯದಲ್ಲೇ ಪ್ರಾರ್ಥನಾ ಗಾಯಕರ ಪೀಠವೇರಿ, ಬೆಂಚುಗಳು ತುಂಬಿದ್ದಾಗಲೂ ಬಣಗುಟ್ಟುತ್ತಿದ್ದಾಗಲೂ ಒಂದೇ ಕಂಠದಲ್ಲಿ ದೇವರಿಗೆ ಕೃತಜ್ಞತೆ ಹೇಳಿದವರು ಅವರು. ಅವರ ನಿವೃತ್ತಿಯ ನಿಮಿತ್ತ ನಾಲ್ಕು ಮಾತು ಬರೆಯಹೊರಟ ಈ ಶಿಷ್ಯ, ದಂತವೈದ್ಯ ಬುಕೋ, ಹೊಗಳುವುದಕ್ಕಿಂತ ತಲೆ ಕೆರೆದುಕೊಂಡದ್ದೇ ಹೆಚ್ಚು.

ಚಿಕಿತ್ಸಾಲಯದ ಬಾಗಿಲು ಹಾಕಿ ಸಂಜೆ ಬರುತ್ತಿದ್ದ ಬುಕೋಗೆ ಅವರು ಬೇಸರಿಸದೆ ರಾಗ ಕಲಿಸಿದರು. ಅವರ ಮಡದಿ ವೀದಾ ಹೊಟ್ಟೆಗೆ ಹಾಕಿದರು. ಗುರುಗಳ ಸ್ವರ ಜಾರಿದರೆ ಮಂದಿರದಲ್ಲಿ ಹೆಂಗಸರು ಕೂರುವ ಮೇಲಂತಸ್ತಿನಿಂದ ಒಂದು ಒಣಕೆಮ್ಮು ಕೇಳಿಬರುತ್ತಿತ್ತು. ಅದು ವೀದಾ ಅವರದೇ.

ಆ ತಾಯಿ ತೀರಿಕೊಂಡದ್ದು ಎಂಟು ದಿನಗಳ ದೀಪದ ಹಬ್ಬ ಹನುಕ್ಕಾದ ನಡುವೆ. ಸೂತಕದ ಮನೆಯಲ್ಲೇ ಬೆಳಗಿನ ಪ್ರಾರ್ಥನೆಗೆ ಕೂಡಿದಾಗ, ಹಬ್ಬದ ಹಲ್ಲೇಲ್ ಹೇಳಬೇಕೋ ಬೇಡವೋ ಎಂದು ಜಗಳ ಹತ್ತಿಕೊಂಡಿತು.

"ಸಾವಿನ ಮನೇಲಿ ಹಾಡು ಹೇಳ್ತೀರಾ? ಮಾನ ಮರ್ಯಾದೆ ಇದೆಯಾ?" ಎಂದರು ಹಿರಿಯರಾದ ನಿಸ್ಸಿಮ್.

"ಹಬ್ಬ ಬಂದ್ಮೇಲೆ ಬಿಡೋಕಾಗುತ್ತೇನಣ್ಣ?" ಎಂದ ಅವರ ತಮ್ಮ.

ಸೂತಕದ ಕ್ರಮದಂತೆ ನೆಲದ ಮೇಲೆ ಕುಳಿತಿದ್ದ ಗುರುಗಳು ಎದ್ದರು. "ಹೇಳಬಾರದವನು ಸೂತಕದವನು ತಾನೇ? ಅವನು ಎದ್ದು ಹೋದ್ರೆ ಆಯ್ತಲ್ಲ. ಬುಕೋ, ನೀನೇ ಹೇಳಿಸು" ಎಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಕಂಠ ಇನ್ನು ಏಳುವುದೇ ಇಲ್ಲವೇನೋ ಎಂಬ ದಿಗಿಲಿನಲ್ಲೇ ಬುಕೋ ಆರಂಭಿಸಿದ. ಸತ್ತವರು ದೇವರನ್ನು ಸ್ತುತಿಸರು ಎಂಬ ಸಾಲಿಗೆ ಬಂದು ನಿಂತುಬಿಟ್ಟ. ಹೇಳಲೇ, ದಾಟಿಬಿಡಲೇ? ಆಗ ಅಡುಗೆಮನೆಯಿಂದ ಕೇಳಿಸಿತು: ಅದೇ ಒಣಕೆಮ್ಮು!

ನಿಸ್ಸಿಮ್ ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಬಾಗಿಲಾಚೆಯಿಂದ ಗುರುಗಳ ಕಂಠ ಎದ್ದು, ನಿಂತ ಸಾಲನ್ನೇ ಎತ್ತಿಕೊಂಡು, ಕೃತಜ್ಞತೆಯ ಕೊನೆಯ ಗೀತೆಯವರೆಗೂ ನಡೆಸಿಕೊಂಡು ಹೋಯಿತು. ಹೇಳಬಾರದೆಂದೇ ಎದ್ದು ಹೋದವರು ಹೇಳಿದ್ದು ಸರಿಯೇ? ಹೆಂಡತಿಯನ್ನು ಕಳೆದುಕೊಂಡವರು ದೇವರಿಗೆ ಏನೆಂದು ಕೃತಜ್ಞತೆ ಹೇಳಿದರು? ಬುಕೋಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗಿಲ್ಲ.

ಸೂತಕ ಕಳೆದ ಮೇಲೆ ಕೇಳಿಯೇಬಿಟ್ಟ: "ಕೆಮ್ಮಿದ್ದು ನೀವೇನಾ ಗುರುಗಳೇ?"

"ಅದು ಅವಳ ಅಡುಗೆಮನೆ ಕಣಯ್ಯಾ. ನೀನಲ್ಲಿ ಹಾಡು ಕೆಡಿಸ್ತಿದ್ದಾಗ ನಾನು ಸುಮ್ನೆ ಕೂತಿದ್ರೆ, ಅವಳು ನನ್ನ ಬಿಡ್ತಿದ್ಳಾ?" ಎಂದು ನಕ್ಕವರು, ನಗುತ್ತಲೇ ಕಣ್ಣೊರೆಸಿಕೊಂಡರು.

ಮುಂಬರುವ ಹನುಕ್ಕಾಕ್ಕೆ ಪೀಠದಲ್ಲಿ ಬುಕೋ ನಿಲ್ಲಬೇಕು. ಪೂಜ್ಯರು ನಮ್ಮವರು ಹರಸುವಂತೆ ನೂರಿಪ್ಪತ್ತು ವರ್ಷ ಬಾಳಲಿ, ಮುಂದಿನ ಬೆಂಚಿನಲ್ಲೇ ಕುಳಿತಿರಲಿ. ಈ ಶಿಷ್ಯ ತಪ್ಪಿದಲ್ಲೆಲ್ಲ ಎಲ್ಲರಿಗೂ ಕೇಳುವ ಹಾಗೆ ಕೆಮ್ಮುತ್ತಿರಲಿ.